ಫೋನಿನ ಡೇಟಾದಲ್ಲಿ ಕಂಪ್ಯೂಟರ್‌ಗೆ ಇಂಟರ್ನೆಟ್: ಹಾಟ್‌ಸ್ಪಾಟ್ ಮತ್ತು ಯುಎಸ್‌ಬಿ ಟೆದರಿಂಗ್ ಸಮಗ್ರ ಮಾರ್ಗದರ್ಶಿ

"ಹಾಟ್‌ಸ್ಪಾಟ್ ಆನ್ ಇದೆ, ಲ್ಯಾಪ್‌ಟಾಪ್‌ನಲ್ಲಿ ಕನೆಕ್ಟೆಡ್ ಅಂತಲೂ ಬರ್ತಿದೆ, ಆದರೆ ಒಂದು ಪುಟವೂ ತೆರೆಯಲ್ಲ." ಈ ದೂರು ಪದೇ ಪದೇ ಬರುತ್ತದೆ. ಇದರ ಬೆನ್ನಿಗೇ ಇನ್ನೊಂದು: "ಬೆಳಿಗ್ಗೆ 2 ಜಿಬಿ ಇತ್ತು, ತಿಂಡಿ ಮುಗಿಸಿ ಬರುವಷ್ಟರಲ್ಲಿ ಖಾಲಿ." ಎರಡಕ್ಕೂ ಬಹುತೇಕ ಕಾರಣ ಒಂದೇ. ಕೆಲಸ ಮಾಡುವ ಕ್ರಮ ಹಿಂದುಮುಂದಾಗಿರುತ್ತದೆ.

ಹಾಟ್‌ಸ್ಪಾಟ್ ಅಂದರೆ ಫೋನಿನ ನೆಟ್ಟನ್ನು ವೈಫೈ ಮೂಲಕ ಹಂಚುವುದು, ಯುಎಸ್‌ಬಿ ಟೆದರಿಂಗ್ ಅಂದರೆ ಅದನ್ನೇ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಕೊಡುವುದು. ಇಲ್ಲಿ ಎರಡು ಕೊಂಡಿಗಳಿವೆ. ಒಂದು, ಟವರ್‌ನಿಂದ ಫೋನಿಗೆ. ಇನ್ನೊಂದು, ಫೋನಿನಿಂದ ಕಂಪ್ಯೂಟರ್‌ಗೆ. ಮೊದಲನೆಯದು ಸರಿ ಇಲ್ಲದಿದ್ದರೆ ಎರಡನೆಯದರ ಜೊತೆ ಎಷ್ಟು ಗುದ್ದಾಡಿದರೂ ಪ್ರಯೋಜನ ಇಲ್ಲ. ಆದರೆ ಹೆಚ್ಚಿನವರು ಶುರು ಮಾಡುವುದೇ ಎರಡನೆಯದರಿಂದ. ಪಾಸ್‌ವರ್ಡ್ ಬದಲಿಸುತ್ತಾರೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ನೋಡಿದರೆ ಫೋನಿನಲ್ಲೇ ನೆಟ್ ಇರುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಬೇಕಾದ ಸಾಮಾನು

ಡೇಟಾ ಪ್ಯಾಕ್ ಇರುವ ಫೋನ್, ಒಂದು ಕಂಪ್ಯೂಟರ್, ಒಂದು ಯುಎಸ್‌ಬಿ ಕೇಬಲ್. ಅಷ್ಟೇ. ಹಾಟ್‌ಸ್ಪಾಟ್ ಬೂಸ್ಟರ್, ನೆಟ್ ಸ್ಪೀಡ್ ಮಾಸ್ಟರ್ ಅಂತೆಲ್ಲ ಹೆಸರಿಟ್ಟುಕೊಂಡ ಆ್ಯಪ್‌ಗಳು ಯಾವುದೂ ಬೇಡ. ಫೋನಿನೊಳಗೆ ಬೇಕಾದದ್ದು ಆಗಲೇ ಇದೆ. ಈ ಆ್ಯಪ್‌ಗಳು ವೇಗ ಹೆಚ್ಚಿಸುವುದಿಲ್ಲ, ಜಾಹೀರಾತು ತೋರಿಸುತ್ತವೆ.

ಕೇಬಲ್ ವಿಷಯದಲ್ಲಿ ಒಂದು ಎಚ್ಚರಿಕೆ. ಚಾರ್ಜ್ ಮಾಡುವ ಕೇಬಲ್ ಎಲ್ಲವೂ ಡೇಟಾ ಕೇಬಲ್ ಅಲ್ಲ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಕರೆಂಟ್ ಹೋಗುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಪರೀಕ್ಷೆ ಸುಲಭ. ಫೋನನ್ನು ಕಂಪ್ಯೂಟರ್‌ಗೆ ಚುಚ್ಚಿ, ಫೋನಿನ ಮೇಲಿಂದ ನೋಟಿಫಿಕೇಶನ್ ಪರದೆ ಎಳೆಯಿರಿ. ಫೈಲ್ ಟ್ರಾನ್ಸ್‌ಫರ್ ಮಾಡಬೇಕಾ ಅಂತ ಆಯ್ಕೆ ಕೊಡುವ ಯುಎಸ್‌ಬಿ ಸಾಲು ಕಂಡರೆ ಕೇಬಲ್ ಸರಿ ಇದೆ. ಚಾರ್ಜಿಂಗ್ ಅಂತ ಮಾತ್ರ ತೋರಿಸಿ, ಕಂಪ್ಯೂಟರ್ ಸದ್ದೇ ಮಾಡದಿದ್ದರೆ ಆ ಕೇಬಲ್ ಪಕ್ಕಕ್ಕಿಡಿ. ಫೋನಿನ ಜೊತೆ ಡಬ್ಬಿಯಲ್ಲಿ ಬಂದ ಕೇಬಲ್ ಇದ್ದರೆ ಅದನ್ನೇ ಹುಡುಕಿ ತನ್ನಿ.

## ಹಂತ 1: ಫೋನಿನಲ್ಲೇ ನೆಟ್ ಸರಿ ಇದೆಯಾ ನೋಡಿ

ಫೋನಿನ ವೈಫೈ ಆಫ್ ಮಾಡಿ. ಮೊಬೈಲ್ ಡೇಟಾ ಆನ್ ಮಾಡಿ. ಬ್ರೌಸರ್‌ನಲ್ಲಿ ಈವರೆಗೆ ತೆರೆಯದ ಒಂದು ಪುಟ ತೆರೆಯಿರಿ. ಹಳೆಯ ಪುಟ ನೋಡಿದರೆ ಫೋನ್ ತನ್ನ ನೆನಪಿನಿಂದ ತೋರಿಸಿಬಿಡಬಹುದು. ವಾಟ್ಸಾಪ್ ಮೆಸೇಜ್ ಹೋಯಿತು ಅನ್ನುವುದು ಪರೀಕ್ಷೆ ಅಲ್ಲ. ತೀರಾ ನಿಧಾನದ ನೆಟ್‌ನಲ್ಲೂ ಅಕ್ಷರದ ಮೆಸೇಜ್ ಹೋಗುತ್ತದೆ.

ಆಮೇಲೆ ಡೇಟಾ ಎಷ್ಟು ಉಳಿದಿದೆ ಅಂತ ಆಪರೇಟರ್ ಆ್ಯಪ್‌ನಲ್ಲಿ ನೋಡಿ. ನಮ್ಮಲ್ಲಿ ದಿನಕ್ಕೆ 1.5 ಜಿಬಿ, 2 ಜಿಬಿ ಪ್ಯಾಕ್‌ಗಳೇ ಜಾಸ್ತಿ. ಆ ಮಿತಿ ಮುಗಿದರೆ ನೆಟ್ ನಿಲ್ಲುವುದಿಲ್ಲ, ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 1 ಎಂಬಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಈಗಿನ ವೆಬ್ ಪುಟಗಳು 2-3 ಎಂಬಿ ಇರುವುದು ಮಾಮೂಲಿ. ಅಂದರೆ ಕಂಪ್ಯೂಟರ್‌ನಲ್ಲಿ ಅರ್ಧ ಪುಟ ಬಂದು ನಿಲ್ಲುತ್ತದೆ, ನೀವು ಕೇಬಲ್ ಅಲ್ಲಾಡಿಸುತ್ತಾ ಕೂರುತ್ತೀರಿ. ಎಲ್ಲ ಐಕಾನ್‌ಗಳೂ ಸರಿ ಇದ್ದು, ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ಎಲ್ಲವೂ ನಿಧಾನವಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಅನ್‌ಲಿಮಿಟೆಡ್ 5ಜಿ ಇದೆ ಅನ್ನುವವರೂ ಒಂದು ನೋಡಿಕೊಳ್ಳಿ. ಫೋನ್ ಮೇಲ್ಗಡೆ 5ಜಿ ಅಂತ ತೋರಿಸುತ್ತಿರುವಾಗ ಮಾತ್ರ ಅದು ಅನ್‌ಲಿಮಿಟೆಡ್. ಸಿಗ್ನಲ್ 4ಜಿಗೆ ಜಾರಿದರೆ ದಿನದ ಮಿತಿಯಿಂದ ಕಡಿತ ಶುರು. ಮನೆಯೊಳಗೆ ಈ ಜಾರಾಟ ನಡೆಯುತ್ತಲೇ ಇರುತ್ತದೆ.

## ಹಂತ 2: ಫೋನ್ ಇಡುವ ಜಾಗ ಹುಡುಕಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಆದರೆ ವೇಗದ ಮುಕ್ಕಾಲು ಪಾಲು ನಿರ್ಧಾರ ಆಗುವುದು ಇಲ್ಲೇ.

ಲ್ಯಾಪ್‌ಟಾಪ್ ಎಲ್ಲಿದೆಯೋ ಅಲ್ಲೇ ಪಕ್ಕದಲ್ಲಿ ಫೋನ್ ಇಡಬೇಕು ಅಂತೇನಿಲ್ಲ. ಫೋನಿಗೆ ಬೇಕಾದ್ದು ಟವರ್. ಫೋನಿನ ವೈಫೈ ಒಂದು ಗೋಡೆ ದಾಟಿ ಪಕ್ಕದ ಕೋಣೆಗೆ ಆರಾಮಾಗಿ ತಲುಪುತ್ತದೆ. ಹಾಗಾಗಿ ಫೋನನ್ನು ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿ ಇಡಿ, ನೀವು ನಿಮಗೆ ಬೇಕಾದಲ್ಲಿ ಕೂರಿ. ದಪ್ಪ ಮಣ್ಣಿನ ಗೋಡೆಯ ಮಲೆನಾಡಿನ ಮನೆ ಇರಲಿ, ಕಾಂಕ್ರೀಟಿನ ಅಪಾರ್ಟ್‌ಮೆಂಟ್ ಇರಲಿ, ನಡುಮನೆಗಿಂತ ಕಿಟಕಿ ಯಾವಾಗಲೂ ಮೇಲು. ಅಟ್ಟದ ಕಿಟಕಿ ಇನ್ನೂ ಮೇಲು.

ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಅಂಕಿ ನೋಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತದೆ. ಕೆಲವು ಫೋನ್‌ಗಳಲ್ಲಿ ಸ್ಟೇಟಸ್ ಅನ್ನುವ ಹೆಸರಿನಡಿ ಇರುತ್ತದೆ. ಐಫೋನ್‌ನಲ್ಲಿ *3001#12345#* ಡಯಲ್ ಮಾಡಿದರೆ ಫೀಲ್ಡ್ ಟೆಸ್ಟ್ ತೆರೆಯುತ್ತದೆ. ಅಂಕಿಯ ಹಿಂದೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. 4ಜಿಯಲ್ಲಿ -95 ಒಳಗಿದ್ದರೆ ನಿಶ್ಚಿಂತೆ. -105 ಆಸುಪಾಸು ಬಂದರೆ ವಿಡಿಯೊ ಕಾಲ್ ತಡವರಿಸುತ್ತದೆ. -115 ದಾಟಿತಾ, ಆ ಜಾಗದ ಆಸೆ ಬಿಡಿ.

ಈ ಅಂಕಿ ತೆರೆದಿಟ್ಟುಕೊಂಡು ಮನೆಯೊಳಗೆ ಒಂದು ಸುತ್ತು ಹಾಕಿ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಿಲ್ಲಿ, ಅಂಕಿ ತಕ್ಷಣ ಬದಲಾಗುವುದಿಲ್ಲ. ಅಡುಗೆಮನೆಯಲ್ಲಿ -112 ತೋರಿಸಿದ ಫೋನ್ ಜಗಲಿಯ ಕಿಟಕಿಯಲ್ಲಿ -93 ತೋರಿಸಬಹುದು. ಅದೇ ಫೋನು, ಅದೇ ಸಿಮ್ಮು, ನಾಲ್ಕು ಹೆಜ್ಜೆ ಅಂತರ. ಕಬ್ಬಿಣದ ಗ್ರಿಲ್, ಬೀರು, ಫ್ರಿಜ್ ಪಕ್ಕ ಮಾತ್ರ ಇಡಬೇಡಿ. ಲೋಹ ಸಿಗ್ನಲ್ಲಿಗೆ ಅಡ್ಡ ನಿಲ್ಲುತ್ತದೆ.

ಕಿಟಕಿಯಲ್ಲಿ ಒಂದೇ ಅಪಾಯ, ಬಿಸಿಲು. ಹಾಟ್‌ಸ್ಪಾಟ್ ಓಡುವಾಗ ಫೋನ್ ಹೇಗೂ ಬಿಸಿಯಾಗುತ್ತದೆ. ಐಫೋನನ್ನು 35 ಡಿಗ್ರಿ ಒಳಗಿನ ವಾತಾವರಣದಲ್ಲಿ ಬಳಸಿ ಅಂತ ಆ್ಯಪಲ್ ಹೇಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ 40 ದಾಟುತ್ತದೆ. ಅಲ್ಲಿ ಮಧ್ಯಾಹ್ನ ಕಿಟಕಿಯಲ್ಲಿಟ್ಟ ಫೋನ್ ಮೊದಲು ನಿಧಾನವಾಗುತ್ತದೆ, ಆಮೇಲೆ ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಕೊನೆಗೆ ಬಿಸಿಯ ಎಚ್ಚರಿಕೆ ತೋರಿಸಿ ಕೈಕೊಡುತ್ತದೆ. ಬಿಸಿಲು ನೇರ ಬೀಳದ ಕಿಟಕಿ ಆರಿಸಿ. ದಪ್ಪ ಕವರ್ ತೆಗೆದಿಡಿ. ಹಾಸಿಗೆ, ದಿಂಬಿನ ಮೇಲಂತೂ ಇಡಲೇಬೇಡಿ.

5ಜಿ ಮತ್ತು 4ಜಿ ನಡುವೆ ಫೋನ್ ಪದೇ ಪದೇ ಓಲಾಡುತ್ತಿದ್ದರೆ ಅದನ್ನು 4ಜಿಯಲ್ಲೇ ನಿಲ್ಲಿಸಿಬಿಡಿ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಟೈಪ್ ಅಂತ ಸಿಗುತ್ತದೆ. ಕಡಿತವಿಲ್ಲದ 4ಜಿ, ಕುಣಿದಾಡುವ 5ಜಿಗಿಂತ ಎಷ್ಟೋ ವಾಸಿ. ಅನ್‌ಲಿಮಿಟೆಡ್ 5ಜಿ ನೆಚ್ಚಿಕೊಂಡವರು ಮಾತ್ರ ಡೇಟಾ ಲೆಕ್ಕ ನೋಡಿಕೊಂಡು ಇದನ್ನು ಮಾಡಿ.

## ಹಂತ 3: ಫೋನಿನೊಳಗಿನ ಅಡ್ಡಿಗಳನ್ನು ತೆಗೆಯಿರಿ

ಹಾಟ್‌ಸ್ಪಾಟ್ ಬಟನ್ ಒತ್ತುವ ಮೊದಲು ನಾಲ್ಕು ಕಡೆ ಕಣ್ಣು ಹಾಯಿಸಿ.

1. ಡೇಟಾ ಸೇವರ್. ಆಂಡ್ರಾಯ್ಡ್‌ನಲ್ಲಿ ಇದು ಆನ್ ಇದ್ದರೆ ಹಾಟ್‌ಸ್ಪಾಟ್ ಬಟನ್ ಮಸುಕಾಗಿ ಕೂರುತ್ತದೆ, ಎಷ್ಟು ಒತ್ತಿದರೂ ಆನ್ ಆಗುವುದಿಲ್ಲ. ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಹೋಗುವ ಮುಂಚೆ ಇದನ್ನು ಆಫ್ ಮಾಡಿ ನೋಡಿ.

2. ಬ್ಯಾಟರಿ ಸೇವರ್, ಐಫೋನಿನ ಲೋ ಪವರ್ ಮೋಡ್. ಹಾಟ್‌ಸ್ಪಾಟ್ ಮಧ್ಯೆ ಮಧ್ಯೆ ಕಡಿದುಹೋಗುವುದಕ್ಕೆ ಇವು ಕಾರಣ ಆಗಬಹುದು. ಕೆಲಸ ಮುಗಿಯುವವರೆಗೆ ಆಫ್ ಇರಲಿ.

3. ತಾನಾಗಿ ಆಫ್ ಆಗುವ ಆಯ್ಕೆ. ಯಾವ ಸಾಧನವೂ ಜೋಡಣೆಯಾಗಿಲ್ಲದಿದ್ದರೆ ಸ್ವಲ್ಪ ಹೊತ್ತಿಗೆ ಹಾಟ್‌ಸ್ಪಾಟ್ ತಾನೇ ಆರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗಿ ಬಂದಾಗ ನೆಟ್ ಮಾಯ ಆಗುವುದು ಇದರಿಂದಲೇ. ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಬದಲಿಸಬಹುದು.

4. ಎರಡನೇ ಸಿಮ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎರಡು ಸಿಮ್ ಇರುವ ಬಹಳಷ್ಟು ಫೋನ್‌ಗಳಲ್ಲಿ, ಡೇಟಾ ಒಂದನೇ ಸಿಮ್‌ನಲ್ಲಿ ಓಡುತ್ತಿರುವಾಗ ಎರಡನೇ ಸಿಮ್‌ಗೆ ಕಾಲ್ ಬಂದರೆ ಡೇಟಾ ನಿಲ್ಲುತ್ತದೆ. ಕಾಲ್ ಮುಗಿದ ಮೇಲೆ ವಾಪಸ್ ಬರುತ್ತದೆ. ಸಂದರ್ಶನದ ಮಧ್ಯೆಯೋ ಆನ್‌ಲೈನ್ ಪರೀಕ್ಷೆಯ ಮಧ್ಯೆಯೋ ಹೀಗಾದರೆ ಏನು ಗತಿ ಅಲ್ವಾ? ಕೆಲವು ಫೋನ್‌ಗಳಲ್ಲಿ ಕಾಲ್ ಹೊತ್ತಿನಲ್ಲಿ ಡೇಟಾವನ್ನು ಇನ್ನೊಂದು ಸಿಮ್‌ಗೆ ಬದಲಿಸುವ ಆಯ್ಕೆ ಇದೆ. ಇಲ್ಲದಿದ್ದರೆ ಮುಖ್ಯ ಕೆಲಸದ ಹೊತ್ತಿಗೆ ಎರಡನೇ ಸಿಮ್ಮನ್ನು ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ. ಆದರೆ ಅದಕ್ಕೂ ಮೊದಲು ಒಂದು ನೋಡಿ: ಓಟಿಪಿ ಬರುವುದು ಯಾವ ಸಿಮ್‌ಗೆ? ಬ್ಯಾಂಕಿಗೋ ಸಿಇಟಿ ಅರ್ಜಿಗೋ ಕೊಟ್ಟ ನಂಬರ್ ಅದೇ ಎರಡನೇ ಸಿಮ್ ಆಗಿದ್ದರೆ, ಅದನ್ನು ಆಫ್ ಮಾಡಿ ಓಟಿಪಿಗೆ ಕಾಯುತ್ತಾ ಕೂರಬೇಕಾಗುತ್ತದೆ.

ಒಂದೇ ಸಿಮ್ ಇದ್ದರೆ ವೋಲ್ಟಿ (VoLTE, 4ಜಿಯಲ್ಲೇ ಕಾಲ್ ಮಾಡುವ ಸೌಲಭ್ಯ) ಆನ್ ಇದೆಯಾ ನೋಡಿ. ಅದು ಇದ್ದರೆ ಮಾತು, ಡೇಟಾ ಎರಡೂ ಒಟ್ಟಿಗೆ ನಡೆಯುತ್ತವೆ. ಇಲ್ಲದಿದ್ದರೆ ಕಾಲ್ ಬಂದಾಗ ಫೋನ್ ಹಳೆಯ ನೆಟ್‌ವರ್ಕ್‌ಗೆ ಇಳಿದು ಡೇಟಾ ನಿಲ್ಲಬಹುದು.

## ಹಂತ 4: ಮೂರು ದಾರಿಗಳಲ್ಲಿ ಒಂದನ್ನು ಆರಿಸಿ

ಮೇಜಿನ ಮೇಲೆ ಕೂತು ಗಂಟೆಗಟ್ಟಲೆ ಕೆಲಸ ಇದ್ದು, ಅಲ್ಲೇ ಸಿಗ್ನಲ್ಲೂ ಚೆನ್ನಾಗಿದ್ದರೆ ಯುಎಸ್‌ಬಿ. ಫೋನ್ ದೂರದ ಕಿಟಕಿಯಲ್ಲಿ ಇರಬೇಕಾದರೆ, ಅಥವಾ ಎರಡು ಮೂರು ಸಾಧನಕ್ಕೆ ನೆಟ್ ಬೇಕಾದರೆ ವೈಫೈ ಹಾಟ್‌ಸ್ಪಾಟ್. ಬ್ಲೂಟೂತ್ ಕೊನೆಯ ಆಯ್ಕೆ.

ನನ್ನ ಕೇಳಿದರೆ, ಸಿಗ್ನಲ್ ಅನುಮತಿಸಿದಲ್ಲೆಲ್ಲ ಯುಎಸ್‌ಬಿಯೇ ಸರಿ. ಪಾಸ್‌ವರ್ಡ್ ಗೋಜಿಲ್ಲ, ಅಕ್ಕಪಕ್ಕದ ವೈಫೈಗಳ ಗದ್ದಲ ಇಲ್ಲ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ. ಕರೆಂಟ್ ಹೋದಾಗ ಮಾತ್ರ ಫೋನ್ ಲ್ಯಾಪ್‌ಟಾಪ್‌ನ ಬ್ಯಾಟರಿ ತಿನ್ನುತ್ತದೆ ಅನ್ನುವುದು ನೆನಪಿರಲಿ.

## ಹಂತ 5-ಎ: ಯುಎಸ್‌ಬಿಯಲ್ಲಿ ಜೋಡಿಸುವುದು

ಆಂಡ್ರಾಯ್ಡ್ ಮತ್ತು ವಿಂಡೋಸ್. ಮೊದಲು ಕೇಬಲ್ ಚುಚ್ಚಿ, ಆಮೇಲೆ ಟೆದರಿಂಗ್ ಆನ್ ಮಾಡಿ. ಈ ಕ್ರಮ ಮುಖ್ಯ. ಕೇಬಲ್ ಚುಚ್ಚದೆ ಹೋದರೆ ಯುಎಸ್‌ಬಿ ಟೆದರಿಂಗ್ ಬಟನ್ ಮಸುಕಾಗೇ ಇರುತ್ತದೆ. ಫೋನಿನ ಲಾಕ್ ತೆಗೆದು, ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಹಾಟ್‌ಸ್ಪಾಟ್ ಆ್ಯಂಡ್ ಟೆದರಿಂಗ್ ಒಳಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಇದು ಕನೆಕ್ಷನ್ಸ್ ಅನ್ನುವುದರ ಕೆಳಗೆ ಇರುತ್ತದೆ. ಹುಡುಕಾಟ ಬೇಡ ಅಂದರೆ ಸೆಟ್ಟಿಂಗ್ಸ್‌ನ ಮೇಲಿರುವ ಸರ್ಚ್‌ನಲ್ಲಿ ಟೆದರಿಂಗ್ ಅಂತ ಹಾಕಿ.

ಆನ್ ಮಾಡಿದ ಕೂಡಲೇ ವಿಂಡೋಸ್ ಒಂದು ಸದ್ದು ಮಾಡುತ್ತದೆ. ಮೊದಲ ಸಲ ಡ್ರೈವರ್ ಹಾಕಿಕೊಳ್ಳಲು ಸ್ವಲ್ಪ ಸಮಯ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಕೇಬಲ್ ಕೀಳಬೇಡಿ. ಆಮೇಲೆ ನೆಟ್‌ವರ್ಕ್ ಐಕಾನ್ ವೈಫೈ ಚಿತ್ರದಿಂದ ಕಂಪ್ಯೂಟರ್ ಚಿತ್ರಕ್ಕೆ ಬದಲಾಗುತ್ತದೆ. ಇದನ್ನು ನೋಡಿ ವೈಫೈ ಹೋಯಿತು ಅಂತ ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ, ಯುಎಸ್‌ಬಿ ಟೆದರಿಂಗನ್ನು ವಿಂಡೋಸ್ ಈಥರ್ನೆಟ್ ಅಂತ ಕರೆಯುತ್ತದೆ. ಹಳೆಯ ವೈಫೈ ಸಂಪರ್ಕ ಇನ್ನೂ ಇದ್ದರೆ ಅದನ್ನು ಆಫ್ ಮಾಡಿ, ಯಾವುದರಿಂದ ನೆಟ್ ಬರುತ್ತಿದೆ ಅನ್ನುವ ಗೊಂದಲ ಇರುವುದಿಲ್ಲ.

ಡೆವಲಪರ್ ಆಪ್ಶನ್ಸ್ ತೆರೆದು ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಟೆದರಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದನ್ನು ಸುಮ್ನೆ ಆನ್ ಬಿಡುವುದು ಸುರಕ್ಷಿತವೂ ಅಲ್ಲ.

ಐಫೋನ್ ಮತ್ತು ವಿಂಡೋಸ್. ಇಲ್ಲಿ ಕೇಬಲ್ ಚುಚ್ಚಿದರೆ ಸಾಲದು. ಕಂಪ್ಯೂಟರ್‌ನಲ್ಲಿ ಐಟ್ಯೂನ್ಸ್ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಆ್ಯಪಲ್ ಡಿವೈಸಸ್ ಆ್ಯಪ್ ಇರಬೇಕು, ಡ್ರೈವರ್ ಬರುವುದು ಅದರ ಜೊತೆಗೇ. ಆ ಆ್ಯಪ್ ಇಳಿಸಿಕೊಳ್ಳಲೂ ನೆಟ್ ಬೇಕಲ್ಲ? ಮೊದಲು ವೈಫೈ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಳ್ಳಿ, ಆಮೇಲೆ ಕೇಬಲ್‌ಗೆ ಬನ್ನಿ. ಟ್ರಸ್ಟ್ ದಿಸ್ ಕಂಪ್ಯೂಟರ್ ಅಂತ ಫೋನ್ ಕೇಳಿದಾಗ ಟ್ರಸ್ಟ್ ಒತ್ತಿ. ಅವಸರದಲ್ಲಿ ಬೇಡ ಅಂತ ಒತ್ತಿದವರಿಗೆ ನೆಟ್ ಬರುವುದಿಲ್ಲ.

ಮ್ಯಾಕ್. ಐಫೋನ್ ಜೊತೆ ತಕರಾರಿಲ್ಲ. ಆದರೆ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳು ಯುಎಸ್‌ಬಿ ಟೆದರಿಂಗ್‌ಗೆ ಬಳಸುವ ಆರ್‌ಎನ್‌ಡಿಐಎಸ್ ಅನ್ನುವ ವಿಧಾನ ಮ್ಯಾಕ್‌ಗೆ ತಾನಾಗಿ ಅರ್ಥವಾಗುವುದಿಲ್ಲ. ಅಂಥಲ್ಲಿ ಗುದ್ದಾಡದೆ ವೈಫೈ ದಾರಿ ಹಿಡಿಯಿರಿ. ಉಬುಂಟುನಂಥ ಲಿನಕ್ಸ್‌ನಲ್ಲಿ ಆಂಡ್ರಾಯ್ಡ್ ಫೋನ್ ಚುಚ್ಚಿ ಆನ್ ಮಾಡಿದರೆ ಮುಗಿಯಿತು.

ಯುಎಸ್‌ಬಿ ಟೆದರಿಂಗ್‌ನ ಇನ್ನೊಂದು ಉಪಯೋಗ ಹೆಚ್ಚಿನವರಿಗೆ ಗೊತ್ತಿಲ್ಲ. ವಿಂಡೋಸ್ ಹೊಸದಾಗಿ ಹಾಕಿದಾಗ ಕೆಲವು ಸಲ ವೈಫೈ ಡ್ರೈವರ್ ಇರುವುದಿಲ್ಲ, ನೆಟ್ ಇಲ್ಲದೆ ಡ್ರೈವರ್ ಇಳಿಸುವುದಕ್ಕೂ ಆಗುವುದಿಲ್ಲ. ಆಗ ಆಂಡ್ರಾಯ್ಡ್ ಫೋನ್ ಚುಚ್ಚಿ ಟೆದರಿಂಗ್ ಆನ್ ಮಾಡಿ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಆ ವೈಫೈ ನೆಟ್ಟೇ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಹೋಗುತ್ತದೆ, ಸಿಮ್ ಡೇಟಾ ಖರ್ಚಾಗುವುದಿಲ್ಲ. ವೈಫೈ ಇಲ್ಲದ ಹಳೆಯ ಡೆಸ್ಕ್‌ಟಾಪ್‌ಗೂ ಇದೇ ಉಪಾಯ ನಡೆಯುತ್ತದೆ.

## ಹಂತ 5-ಬಿ: ವೈಫೈ ಹಾಟ್‌ಸ್ಪಾಟ್‌ನಲ್ಲಿ ಜೋಡಿಸುವುದು

ಆನ್ ಮಾಡುವ ಮೊದಲೇ ಹೆಸರು, ಪಾಸ್‌ವರ್ಡ್ ಸರಿ ಮಾಡಿಕೊಳ್ಳಿ. ಹೆಸರನ್ನು ಸರಳ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಕನ್ನಡ ಅಕ್ಷರ, ಎಮೋಜಿ ಹಾಕಿದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಸರು ಚಿಂದಿಯಾಗಿ ಕಾಣಬಹುದು. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಲೇಬೇಕು. 12345678 ಅಂತ ಇಟ್ಟರೆ ಇಟ್ಟ ಹಾಗೇ ಅಲ್ಲ. ಪಕ್ಕದ ಪಿಜಿ ಹುಡುಗರು ಊಹಿಸುವ ಮೊದಲ ಪಾಸ್‌ವರ್ಡೇ ಅದು.

ಐಫೋನಿನಲ್ಲಿ ಹಾಟ್‌ಸ್ಪಾಟ್‌ಗೆ ಬೇರೆ ಹೆಸರಿಲ್ಲ, ಫೋನಿನ ಹೆಸರೇ ಅದರ ಹೆಸರು. ಬದಲಿಸಲು ಸೆಟ್ಟಿಂಗ್ಸ್, ಜನರಲ್, ಅಬೌಟ್, ನೇಮ್. ಪರ್ಸನಲ್ ಹಾಟ್‌ಸ್ಪಾಟ್ ಪುಟದಲ್ಲಿ ಅಲೋ ಅದರ್ಸ್ ಟು ಜಾಯಿನ್ ಆನ್ ಮಾಡಿ, ಕಂಪ್ಯೂಟರ್ ಸೇರುವವರೆಗೆ ಅದೇ ಪುಟ ತೆರೆದಿಡಿ. ಪುಟ ಮುಚ್ಚಿ ಬೇರೆ ಆ್ಯಪ್‌ಗೆ ಹೋದರೆ ಲ್ಯಾಪ್‌ಟಾಪ್‌ನ ಪಟ್ಟಿಯಲ್ಲಿ ಹೆಸರೇ ಕಾಣದೆ ಹೋಗಬಹುದು.

ಹಾಟ್‌ಸ್ಪಾಟ್ ಹೆಸರು ಬೇರೆ ಫೋನ್‌ಗಳಲ್ಲಿ ಕಾಣುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾಣುವುದಿಲ್ಲ. ಇದಕ್ಕೆ ಕಾರಣ ಬಹುತೇಕ ಬ್ಯಾಂಡ್, ಅಂದರೆ ವೈಫೈ ಓಡುವ ತರಂಗದ ಪಟ್ಟಿ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಕಳಿಸುತ್ತಿರುತ್ತದೆ, ಹಳೆಯ ಲ್ಯಾಪ್‌ಟಾಪ್‌ಗೆ 2.4 ಮಾತ್ರ ಗೊತ್ತು. ಆಂಡ್ರಾಯ್ಡ್‌ನಲ್ಲಿ ಬ್ಯಾಂಡ್ ಆಯ್ಕೆಯನ್ನು 2.4ಕ್ಕೆ ಇಳಿಸಿ. ಐಫೋನ್ 12 ಮತ್ತು ನಂತರದ ಫೋನ್‌ಗಳಲ್ಲಿ ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ ಆನ್ ಮಾಡಿ. ಅಂದಹಾಗೆ, ಈ 5 ಗಿಗಾಹರ್ಟ್ಸ್‌ಗೂ ಸಿಮ್‌ನ 5ಜಿಗೂ ಯಾವ ನಂಟೂ ಇಲ್ಲ. ಲ್ಯಾಪ್‌ಟಾಪ್ ಹೊಸದಿದ್ದು ಫೋನ್ ಹತ್ತಿರವೇ ಇದ್ದರೆ 5 ಗಿಗಾಹರ್ಟ್ಸ್ ವೇಗ. ಗೋಡೆ ದಾಟಬೇಕಾದರೆ 2.4 ವಾಸಿ.

ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಹಾಕಿದರೂ ಸೇರುವುದಿಲ್ಲ ಅಂದರೆ ಸೆಕ್ಯುರಿಟಿ ಸಾಲು ನೋಡಿ. ಅಲ್ಲಿ ಡಬ್ಲ್ಯೂಪಿಎ3 ಇದ್ದು ಲ್ಯಾಪ್‌ಟಾಪ್ ಹಳೆಯದಾದರೆ ಡಬ್ಲ್ಯೂಪಿಎ2 ಮಾಡಿ. ಓಪನ್ ಅಥವಾ ನನ್ ಅಂತ ಮಾತ್ರ ಯಾವತ್ತೂ ಇಡಬೇಡಿ. ನಿಮ್ಮ ಸಿಮ್‌ನಿಂದ ಬೇರೆಯವರು ಏನು ಮಾಡಿದರೂ ದಾಖಲೆಯಲ್ಲಿ ಕಾಣುವುದು ನಿಮ್ಮ ನಂಬರ್.

ಪಾಸ್‌ವರ್ಡ್ ಬದಲಿಸಿದ ಮೇಲೆ ವಿಂಡೋಸ್ ಹಳೆಯದನ್ನೇ ಹಿಡಿದು ಕ್ಯಾನಾಟ್ ಕನೆಕ್ಟ್ ಅಂತ ಹಟ ಹಿಡಿಯಬಹುದು. ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಫರ್ಗೆಟ್ ಒತ್ತಿ, ಹೊಸದಾಗಿ ಸೇರಿಸಿ.

## ಹಂತ 5-ಸಿ: ಬ್ಲೂಟೂತ್

ಮೊದಲು ಫೋನ್ ಮತ್ತು ಲ್ಯಾಪ್‌ಟಾಪನ್ನು ಪೇರ್ ಮಾಡಿ, ಫೋನಿನಲ್ಲಿ ಬ್ಲೂಟೂತ್ ಟೆದರಿಂಗ್ ಆನ್ ಮಾಡಿ, ವಿಂಡೋಸ್‌ನಲ್ಲಿ ಆ ಫೋನಿನ ಹೆಸರಿನ ಜೊತೆ ಬರುವ ಪರ್ಸನಲ್ ಏರಿಯಾ ನೆಟ್‌ವರ್ಕ್ ಆಯ್ಕೆಯಿಂದ ಸೇರಿ. ಬ್ಯಾಟರಿ ಕಡಿಮೆ ತಿನ್ನುತ್ತದೆ, ಆದರೆ ಒಂದೆರಡು ಎಂಬಿಪಿಎಸ್ ಮೀರಿ ಓಡುವುದಿಲ್ಲ. ಇಮೇಲ್‌ಗೆ ಸಾಕು, ವಿಡಿಯೊಗೆ ಆಗದು.

## ಹಂತ 6: ಬ್ರೌಸರ್ ಮುಟ್ಟುವ ಮೊದಲು ಕಂಪ್ಯೂಟರ್‌ನ ಬಾಯಿ ಕಟ್ಟಿ

ನೆಟ್ ಬಂತು ಅಂತ ಇಲ್ಲಿಗೆ ನಿಲ್ಲಿಸುವವರೇ ಒಂದು ಗಂಟೆಯ ನಂತರ ಡೇಟಾ ಖಾಲಿ ಅಂತ ಬರುವುದು.

ಇದು ನಿಮ್ಮ ಸಿಮ್ಮಿನ ಅಳತೆಯ ಡೇಟಾ ಅಂತ ಕಂಪ್ಯೂಟರ್‌ಗೆ ಗೊತ್ತಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಬಡಿಸಿದ್ದನ್ನೆಲ್ಲ ಉಣ್ಣುತ್ತದೆ. ವಿಂಡೋಸ್ ಅಪ್‌ಡೇಟ್, ಸ್ಟೋರ್ ಆ್ಯಪ್‌ಗಳ ಅಪ್‌ಡೇಟ್, ಒನ್‌ಡ್ರೈವ್, ಎಲ್ಲವೂ ಒಟ್ಟಿಗೆ ಶುರುವಾಗುತ್ತವೆ. ವಿಂಡೋಸ್‌ನ ಒಂದು ದೊಡ್ಡ ಅಪ್‌ಡೇಟ್‌ಗೇ ಹಲವು ಜಿಬಿ ಬೇಕು. ದಿನದ 2 ಜಿಬಿ ಯಾವ ಮೂಲೆಗೆ?

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ವೈಫೈ, ಆಮೇಲೆ ನಿಮ್ಮ ಹಾಟ್‌ಸ್ಪಾಟ್ ಹೆಸರಿನ ಪ್ರಾಪರ್ಟೀಸ್. ಅಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ವಿಂಡೋಸ್ 10ರಲ್ಲೂ ಹೆಚ್ಚು ಕಡಿಮೆ ಇದೇ ದಾರಿ. ಇದರಿಂದ ಹೆಚ್ಚಿನ ಅಪ್‌ಡೇಟ್‌ಗಳು ತಡೆಯುತ್ತವೆ, ಒನ್‌ಡ್ರೈವ್ ಕೂಡ ಸುಮ್ಮನಾಗುತ್ತದೆ.

ತಪ್ಪಾಗುವುದು ಇಲ್ಲೇ. ವೈಫೈಗೆ ಮಾಡಿದ ಮೀಟರ್ಡ್ ಯುಎಸ್‌ಬಿಗೆ ಅನ್ವಯಿಸುವುದಿಲ್ಲ. ಯುಎಸ್‌ಬಿ ಟೆದರಿಂಗ್ ಈಥರ್ನೆಟ್ ಲೆಕ್ಕಕ್ಕೆ ಬರುತ್ತದೆ ಅಂದೆನಲ್ಲ, ಕೇಬಲ್ ಚುಚ್ಚಿರುವಾಗಲೇ ಈಥರ್ನೆಟ್ ಪುಟಕ್ಕೆ ಹೋಗಿ ಅಲ್ಲಿಯೂ ಮೀಟರ್ಡ್ ಆನ್ ಮಾಡಿ. ಬೇರೆ ಫೋನ್ ಚುಚ್ಚಿದರೆ ಮತ್ತೊಮ್ಮೆ ನೋಡಿ.

ಇದರ ಜೊತೆ ವಿಂಡೋಸ್ ಅಪ್‌ಡೇಟ್‌ನ ಡೆಲಿವರಿ ಆಪ್ಟಿಮೈಸೇಶನ್ ಒಳಗೆ ಹೋಗಿ, ಬೇರೆ ಕಂಪ್ಯೂಟರ್‌ಗಳಿಂದ ಡೌನ್‌ಲೋಡ್ ಮಾಡುವ ಆಯ್ಕೆ ಆಫ್ ಮಾಡಿ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಥರದವುಗಳನ್ನು ಕೈಯಾರೆ ತಾತ್ಕಾಲಿಕವಾಗಿ ನಿಲ್ಲಿಸಿ (ಪಾಜ್). ಮೀಟರ್ಡ್ ಮಾತನ್ನು ಎಲ್ಲ ಸಾಫ್ಟ್‌ವೇರ್‌ಗಳೂ ಕೇಳುವುದಿಲ್ಲ, ಗೇಮ್ ಲಾಂಚರ್‌ಗಳಂತೂ ಕೇಳುವುದೇ ಇಲ್ಲ. ಮ್ಯಾಕ್‌ನಲ್ಲಿ ವೈಫೈ ಹೆಸರಿನ ಡೀಟೇಲ್ಸ್ ಒಳಗೆ ಲೋ ಡೇಟಾ ಮೋಡ್ ಇದೆ.

ಯಾವುದಕ್ಕೆ ಎಷ್ಟು ಖರ್ಚು ಅನ್ನುವ ಅಂದಾಜು ಇರಲಿ. ವಿಡಿಯೊ ಮೀಟಿಂಗ್ ಗಂಟೆಗೆ ಸುಮಾರು 1 ಜಿಬಿ, ಜನ ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಕ್ಯಾಮೆರಾ ಆಫ್ ಮಾಡಿದರೆ ಗಣನೀಯವಾಗಿ ಇಳಿಯುತ್ತದೆ. ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಎಳೆಯುತ್ತದೆ. ಯೂಟ್ಯೂಬ್‌ನಲ್ಲಿ ಪಾಠ ಕೇಳುವವರು 480ಪಿಗೆ ಇಳಿಸಿ, ಬೋರ್ಡಿನ ಅಕ್ಷರ ಅದರಲ್ಲೂ ಓದಬಹುದು. ಹಾಂ, ಪದೇ ಪದೇ ಸ್ಪೀಡ್ ಟೆಸ್ಟ್ ಮಾಡುವ ಚಟ ಇದ್ದರೆ ಬಿಡಿ. ನೆಟ್ ವೇಗವಾಗಿದ್ದಷ್ಟೂ ಆ ಟೆಸ್ಟ್ ಹೆಚ್ಚು ಡೇಟಾ ತಿನ್ನುತ್ತದೆ. ಒಳ್ಳೆಯ 5ಜಿಯಲ್ಲಿ ಒಂದೇ ಟೆಸ್ಟ್‌ಗೆ ನೂರಾರು ಎಂಬಿ ಹೋಗಬಹುದು.

## ಹಂತ 7: ನೆಟ್ ಬರದಿದ್ದರೆ ಯಾವ ಕೊಂಡಿ ಕಡಿದಿದೆ ಹುಡುಕಿ

ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಈ ಕ್ಷಣ ಫೋನಿನಲ್ಲಿ ಪುಟ ತೆರೆಯುತ್ತಿದೆಯಾ? ಇಲ್ಲ ಅಂದರೆ ಕಂಪ್ಯೂಟರ್ ಮುಟ್ಟಬೇಡಿ. ಏರೋಪ್ಲೇನ್ ಮೋಡ್ ಹತ್ತು ಸೆಕೆಂಡ್ ಆನ್ ಮಾಡಿ ಆಫ್ ಮಾಡಿ, ಹಂತ 1ಕ್ಕೆ ವಾಪಸ್ ಹೋಗಿ. ಮಳೆಗಾಲದಲ್ಲಿ ಊರಿಡೀ ಗಂಟೆಗಟ್ಟಲೆ ಕರೆಂಟ್ ಇಲ್ಲದಿದ್ದರೆ ಟವರ್‌ನ ಬ್ಯಾಟರಿಯೂ ಮುಗಿದಿರಬಹುದು. ಅದಕ್ಕೆ ನಿಮ್ಮ ಕೈಯಲ್ಲಿ ಮದ್ದಿಲ್ಲ, ಬೇರೆ ಆಪರೇಟರ್ ಸಿಮ್ ಇದ್ದರೆ ಹಾಕಿ ನೋಡಬಹುದು.

ಫೋನಿನಲ್ಲಿ ಬರುತ್ತದೆ, ಕಂಪ್ಯೂಟರ್‌ನಲ್ಲಿ ಇಲ್ಲ ಅಂದರೆ ಕಂಪ್ಯೂಟರ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದಕ್ಕೆ ಸಿಕ್ಕ ನಂಬರ್) ನೋಡಿ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕ್‌ನ ಪ್ರಾಪರ್ಟೀಸ್ ಪುಟದ ಕೆಳಗೆ ಇರುತ್ತದೆ.

- 169.254 ಇಂದ ಶುರುವಾಗಿದ್ದರೆ ಫೋನ್ ವಿಳಾಸವನ್ನೇ ಕೊಟ್ಟಿಲ್ಲ. ಹಾಟ್‌ಸ್ಪಾಟ್ ಆಫ್ ಮಾಡಿ ಆನ್ ಮಾಡಿ, ಕಂಪ್ಯೂಟರ್‌ನಲ್ಲಿ ಫರ್ಗೆಟ್ ಮಾಡಿ ಮತ್ತೆ ಸೇರಿಸಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಯಾರೋ ಐಪಿಯನ್ನು ಕೈಯಾರೆ ಬರೆದಿಟ್ಟಿರಬಹುದು, ಅದನ್ನು ಆಟೋಮ್ಯಾಟಿಕ್ ಮಾಡಿ.
- 192.168 ಅಥವಾ ಐಫೋನಿನಲ್ಲಿ 172.20.10 ಇಂದ ಶುರುವಾಗಿದ್ದರೆ ಕೊಂಡಿ ಸರಿ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ping 8.8.8.8 ಅಂತ ಹಾಕಿ ಎಂಟರ್ ಒತ್ತಿ, ಹೊರಗಿನ ನೆಟ್‌ನಿಂದ ಉತ್ತರ ಬರುತ್ತಾ ಗೊತ್ತಾಗುತ್ತದೆ. ಉತ್ತರ ಬರುತ್ತಿದ್ದು ಪುಟ ತೆರೆಯದಿದ್ದರೆ ತೊಂದರೆ ಡಿಎನ್‌ಎಸ್ (ಸೈಟಿನ ಹೆಸರನ್ನು ಐಪಿ ವಿಳಾಸವಾಗಿ ಬದಲಿಸುವ ವ್ಯವಸ್ಥೆ) ಅಥವಾ ಪ್ರಾಕ್ಸಿಯಲ್ಲಿದೆ (ನೆಟ್ಟನ್ನು ತನ್ನ ಮೂಲಕ ಹಾಯಿಸುವ ಮಧ್ಯವರ್ತಿ ಕಂಪ್ಯೂಟರ್). ಆಫೀಸಿಗಾಗಿ ಹಾಕಿದ ಪ್ರಾಕ್ಸಿ, ವಿಪಿಎನ್ (ನೆಟ್ಟನ್ನು ಗುಟ್ಟಾಗಿ ಬೇರೆ ದಾರಿಯಲ್ಲಿ ಕಳಿಸುವ ಸಾಫ್ಟ್‌ವೇರ್) ಆಫ್ ಮಾಡಿ ನೋಡಿ. ಗಡಿಯಾರ, ದಿನಾಂಕ ತಪ್ಪಿದ್ದರೂ ಸುರಕ್ಷಿತ ಪುಟಗಳು ತೆರೆಯುವುದಿಲ್ಲ. ಒಳಗಿನ ಗಡಿಯಾರ ನಡೆಸುವ ಸಿಮೋಸ್ ಬ್ಯಾಟರಿ ಸತ್ತ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲಿ.

ಪಿಂಗ್‌ಗೂ ಉತ್ತರ ಇಲ್ಲ, ಆದರೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂದರೆ ಎಪಿಎನ್ (ಆಪರೇಟರ್‌ನ ನೆಟ್‌ಗೆ ಸೇರಲು ಫೋನ್ ಬಳಸುವ ಸೆಟ್ಟಿಂಗ್) ಕಡೆ ಹೋಗಿ. ಸಿಮ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ನೇಮ್ಸ್ ತೆರೆದು, ಮೇಲಿನ ಮೂರು ಚುಕ್ಕಿಯಲ್ಲಿ ರೀಸೆಟ್ ಟು ಡಿಫಾಲ್ಟ್ ಒತ್ತಿ. ಬಹುಪಾಲು ಇದರಲ್ಲೇ ಸರಿಹೋಗುತ್ತದೆ. ಆಗದಿದ್ದರೆ ಎಪಿಎನ್ ಪ್ರೋಟೋಕಾಲ್ ಅನ್ನುವಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಇರುವ ಆಯ್ಕೆ ಹಾಕಿ. ಬೇರೆ ಯಾವ ಸಾಲನ್ನೂ ಸುಮ್ನೆ ಕೆರೆಯಬೇಡಿ, ಫೋನಿನ ನೆಟ್ಟೂ ಹೋಗುತ್ತದೆ.

ಫೋನಿನಲ್ಲಿ ವಿಪಿಎನ್ ಆನ್ ಇದೆ, ಹಾಗಾಗಿ ಲ್ಯಾಪ್‌ಟಾಪ್ ಕೂಡ ಸುರಕ್ಷಿತ ಅಂದುಕೊಂಡವರಿಗೆ ಒಂದು ಮಾತು. ಆಂಡ್ರಾಯ್ಡ್ ಇರಲಿ ಐಫೋನ್ ಇರಲಿ, ಸಾಮಾನ್ಯವಾಗಿ ಹಾಟ್‌ಸ್ಪಾಟ್‌ನ ಡೇಟಾ ಆ ವಿಪಿಎನ್ ಮೂಲಕ ಹೋಗುವುದಿಲ್ಲ. ಬೇಕಿದ್ದರೆ ಲ್ಯಾಪ್‌ಟಾಪ್‌ನಲ್ಲೇ ಹಾಕಬೇಕು.

## ಹಂತ 8: ಅರ್ಜಿ, ಪರೀಕ್ಷೆ, ಸಂದರ್ಶನ ಇದ್ದ ದಿನ

ಕೆಇಎ ಆಪ್ಶನ್ ಎಂಟ್ರಿ, ಸೇವಾ ಸಿಂಧು ಅರ್ಜಿ, ಬ್ಯಾಂಕ್ ವ್ಯವಹಾರ, ಇವುಗಳ ಮಧ್ಯೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಡಿ. ವಾಪಸ್ ಬಂದಾಗ ಫೋನಿಗೆ ಹೊಸ ಐಪಿ ಸಿಗಬಹುದು, ಕೆಲವು ಸೈಟ್‌ಗಳು ಇದನ್ನು ಕಂಡು ಲಾಗಿನ್ ಕಿತ್ತುಹಾಕುತ್ತವೆ. ತುಂಬಿದ್ದೆಲ್ಲ ಹೋಯಿತು ಅಂತಲೇ ಲೆಕ್ಕ. ಅರ್ಧ ಪುಟ ತುಂಬಿದಾಗ ನೆಟ್ ಸತಾಯಿಸಿದರೆ ಎರಡು ನಿಮಿಷ ಸುಮ್ಮನೆ ಕಾಯುವುದು ಮೇಲು. ಸೇವ್ ಬಟನ್ ಇರುವ ಕಡೆಯೆಲ್ಲ ಆಗಾಗ ಒತ್ತುತ್ತಿರಿ. ಅಪ್‌ಲೋಡ್ ಮಾಡುವ ಫೋಟೊ, ಅಂಕಪಟ್ಟಿಗಳನ್ನು ಮೊದಲೇ ಕಂಪ್ಯೂಟರ್‌ಗೆ ಹಾಕಿಕೊಂಡು, ಕೇಳಿದ ಗಾತ್ರಕ್ಕೆ ಇಳಿಸಿಟ್ಟುಕೊಂಡಿರಿ. ಮೊಬೈಲ್ ನೆಟ್‌ನಲ್ಲಿ ಅಪ್‌ಲೋಡ್ ವೇಗ ಡೌನ್‌ಲೋಡ್‌ಗಿಂತ ಬಹಳ ಕಡಿಮೆ ಇರುತ್ತದೆ.

ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಕೂತು ಹತ್ತು ನಿಮಿಷ ವಿಡಿಯೊ ಕಾಲ್ ಮಾಡಿ ನೋಡಿ. ಬೆಳಿಗ್ಗೆ ಚೆನ್ನಾಗಿದ್ದ ಟವರ್ ರಾತ್ರಿ ಎಂಟಕ್ಕೆ ಜನ ಜಾಸ್ತಿಯಾಗಿ ಉಸಿರುಗಟ್ಟಬಹುದು. ಕಡ್ಡಿ ಪೂರ್ತಿ ಇದ್ದರೂ ನೆಟ್ ಓಡದಿರುವುದು ಆಗಲೇ. ದಿನದ ಪ್ಯಾಕ್ ಸಾಮಾನ್ಯವಾಗಿ ಮಧ್ಯರಾತ್ರಿ ಹೊಸದಾಗುತ್ತದೆ, ಹಾಗಾಗಿ ದೊಡ್ಡ ಡೌನ್‌ಲೋಡ್ ಇದ್ದರೆ ಹನ್ನೆರಡು ಹೊಡೆಯುವ ಮೊದಲು ಆ ದಿನ ಉಳಿದದ್ದನ್ನು ಬಳಸಿಕೊಳ್ಳಿ.

## ಹಂತ 9: ಮುಗಿದ ಮೇಲೆ

ಹಾಟ್‌ಸ್ಪಾಟ್ ಆಫ್ ಮಾಡಿ. ಸುಮ್ನೆ ಆನ್ ಬಿಟ್ಟರೆ ನೆನಪಿಟ್ಟುಕೊಂಡ ಲ್ಯಾಪ್‌ಟಾಪ್ ಎಚ್ಚರವಾದಾಗಲೆಲ್ಲ ತಾನೇ ಸೇರಿಕೊಳ್ಳುತ್ತದೆ. ಹಾಟ್‌ಸ್ಪಾಟ್‌ಗೆ ಎಷ್ಟು ಡೇಟಾ ಹೋಯಿತು ಅನ್ನುವುದು ಆಂಡ್ರಾಯ್ಡ್‌ನ ಡೇಟಾ ಯೂಸೇಜ್ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಸಿಗುತ್ತದೆ. ಅಂಕಿ ನಿಮ್ಮ ಅಂದಾಜಿಗಿಂತ ತುಂಬಾ ಜಾಸ್ತಿ ಇದ್ದರೆ ವಿಂಡೋಸ್‌ನ ಡೇಟಾ ಯೂಸೇಜ್ ಪುಟ ತೆರೆಯಿರಿ, ಯಾವ ಪ್ರೋಗ್ರಾಂ ತಿಂದಿದೆ ಅಂತ ಹೆಸರು ಸಮೇತ ಇರುತ್ತದೆ. ಅಲ್ಲಿಯೇ ತಿಂಗಳಿಗೆ ಇಷ್ಟೇ ಅಂತ ಮಿತಿಯನ್ನೂ ಹಾಕಬಹುದು.

ನೆಂಟರಿಗೋ ರೂಮ್‌ಮೇಟ್‌ಗೋ ಪಾಸ್‌ವರ್ಡ್ ಕೊಟ್ಟಿದ್ದರೆ ಅವರು ಹೋದ ಮೇಲೆ ಬದಲಿಸಿ. ಇಲ್ಲದಿದ್ದರೆ ಮುಂದಿನ ಸಲ ಅವರು ಮನೆ ಹತ್ತಿರ ಬಂದಾಗ ಅವರ ಫೋನ್ ನಿಮ್ಮ ಹಾಟ್‌ಸ್ಪಾಟ್‌ಗೆ ಸೇರಿಕೊಂಡು, ತನ್ನ ಫೋಟೊಗಳನ್ನೆಲ್ಲ ನಿಮ್ಮ ಡೇಟಾದಲ್ಲಿ ಬ್ಯಾಕಪ್ ಮಾಡಿಕೊಳ್ಳುತ್ತದೆ.